ಕೈಮರ ಮೇಷ್ಟ್ರ ಶಿಷ್ಯರು

ಬೆಳಗಿನ ಟೀ ಹೊತ್ತಿನಲ್ಲಿ ಬಾಯಿಂದ ಜಾರಿದ ಒಂದು ಮಾತು ಕೈಮರ ಮೇಷ್ಟ್ರ ಇಡೀ ದಿನವನ್ನು ನುಂಗಿ ಹಾಕಿತು.

ಅವರನ್ನು ಕೆರಳಿಸಿದ್ದು ಕೆಮಿಸ್ಟ್ರಿ ಮೇಡಂ. "ನಿಮ್ಮ ರೂಮಿಗೆ ಬೀಗ ಬೀಳುತ್ತಂತಲ್ಲ ಸಾರ್? ನಮ್ಮ ಲ್ಯಾಬಿನ ಸಾಮಾನು ಇಡೋಕೆ ಕೊಡ್ತಾರಂತೆ," ಎಂದು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ ಅವರು ಕೇಳಿದರು. ಯಾರದೋ ಮನೆ ಖಾಲಿಯಾಗುವುದನ್ನೇ ಕಾಯುತ್ತಿರುವ ಬಾಡಿಗೆದಾರರ ದನಿ ಅದು.

"ಯಾಕೆ ಬೀಳುತ್ತೆ ಬೀಗ?" ಮೇಷ್ಟ್ರು ಲೋಟ ಕುಕ್ಕಿದರು. "ನನ್ನ ಮಾತು ಕೇಳಿದ ಮಕ್ಕಳಲ್ಲಿ ಕೆಟ್ಟೋರು ಅಂತ ಒಬ್ಬರನ್ನ ತೋರಿಸಿ ನೋಡೋಣ!"

ಬಾಗಿಲಲ್ಲಿ ದೊಡ್ಡ ಮೇಡಂ ನಿಂತಿದ್ದರು. ಮುಖ್ಯೋಪಾಧ್ಯಾಯಿನಿಯಾದ ಅವರಿಗೆ ಬೆಕ್ಕಿನ ನಡಿಗೆ. ಬಂದದ್ದು ಯಾವತ್ತೂ ತಿಳಿಯುತ್ತಿರಲಿಲ್ಲ, ಬಂದಾಗಿದೆ ಎಂದಷ್ಟೇ ತಿಳಿಯುತ್ತಿತ್ತು.

"ಬಹಳ ಸಂತೋಷ," ಎಂದರು ಅವರು. "ಮಧ್ಯಾಹ್ನ ಪೋಷಕರ ಸಭೆ ಇದೆ. ಮ್ಯಾನೇಜ್‌ಮೆಂಟಿನವರೂ ಬರ್ತಾರೆ. ನಿಮ್ಮ ರೂಮು ಇರಬೇಕಾ ಬೇಡವಾ ಅಂತ ಅಲ್ಲೇ ತೀರ್ಮಾನ. ನಿಮ್ಮ ಮಾತು ಕೇಳಿ ಉದ್ಧಾರ ಆದ ಒಂದಿಬ್ಬರನ್ನ ಕರ್ಕೊಂಡು ಬಂದುಬಿಡಿ. ವೇದಿಕೆ ಮೇಲೆ ಕೂರಿಸೋಣ."

ಕೆಮಿಸ್ಟ್ರಿ ಮೇಡಂ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಮೇಷ್ಟ್ರು ಮೂಲತಃ ಭೂಗೋಳದವರು. ಭೂಗೋಳದ ಪೀರಿಯಡ್ಡುಗಳು ವರ್ಷ ವರ್ಷ ಸವೆದು, ಕೊನೆಗೆ ಪಾಠ ಹೋಗಿ ಮೇಷ್ಟ್ರು ಮಾತ್ರ ಉಳಿದಾಗ, ಅವರನ್ನು ಹೊಸದೊಂದು ಕೆಲಸಕ್ಕೆ ಹಾಕಿದರು. ಕೊನೇ ತರಗತಿಯ ಮಕ್ಕಳಿಗೆ ಮುಂದೇನು ಓದಬೇಕು, ಯಾವ ಕಾಲೇಜಿಗೆ ಅರ್ಜಿ ಹಾಕಬೇಕು, ಎಂಥ ಕೆಲಸ ಹಿಡಿಯಬೇಕು ಎಂದು ಹೇಳುವುದು. ಆಟದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ 'ಮುಂದಿನ ಶಿಕ್ಷಣ ಮಾರ್ಗದರ್ಶನ' ಎಂದು ಬೋರ್ಡು ಹಾಕಿದರು. ಗಾಳಿ ಹೋದ ಫುಟ್‌ಬಾಲುಗಳ ವಾಸನೆ ಮಾತ್ರ ಖಾಲಿಯಾಗಲಿಲ್ಲ. ತಾನು ನಿಂತಲ್ಲೇ ನಿಂತು, ಬಂದವರಿಗೆಲ್ಲ ಕೈಚಾಚಿ ಊರು ತೋರಿಸುವ ರಸ್ತೆಬದಿಯ ಕೈಮರದ ಹೆಸರನ್ನು ಮಕ್ಕಳು ಅವರಿಗೆ ಅಂಟಿಸಿದರು.

ಕೆಲಸದಲ್ಲಿ ಅವರು ಕಳ್ಳರಲ್ಲ. ಕಾಲೇಜುಗಳ ಮಾಹಿತಿ ಪುಸ್ತಕಗಳನ್ನೆಲ್ಲ ಓದುತ್ತಿದ್ದರು. ಒಂದೊಂದು ಮಗುವನ್ನೂ ಕೂರಿಸಿಕೊಂಡು, ಕನ್ನಡಕ ಒರೆಸಿ, ಕಣ್ಣು ಮುಚ್ಚಿ ಯೋಚಿಸಿ ಹೇಳುತ್ತಿದ್ದರು. ಹೋದವರು ಏನಾದರು ಎಂದು ವಿಚಾರಿಸುವ ರೂಢಿ ಮಾತ್ರ ಇರಲಿಲ್ಲ. ಯಾರೂ ತಿರುಗಿ ಬಂದು ಜಗಳ ಆಡದೆ ಇದ್ದುದನ್ನೇ ಉದ್ಧಾರದ ಗುರುತು ಎಂದುಕೊಂಡಿದ್ದರು.

"ಯೋಚನೆ ಯಾಕೆ, ನಾನಿದ್ದೀನಲ್ಲ," ಎಂದರು ಡ್ರಿಲ್ ಮೇಷ್ಟ್ರು, ಸ್ಕೂಟರಿನ ಕೀಲಿ ಕುಣಿಸುತ್ತಾ. ಆಟದ ಕೋಣೆ ಕಳೆದುಕೊಂಡವರು ಅವರೇ. ಆದರೂ ಅವರಿಗೆ ಸಿಟ್ಟಿರಲಿಲ್ಲ; ಬೇರೆಯವರ ಕಷ್ಟ ನೋಡಲು ಹೋಗುವುದೆಂದರೆ ಅವರಿಗೆ ಪ್ರವಾಸ ಹೋದ ಹಾಗೆ. "ಹತ್ತಿ ಸಾರ್. ಯಾರ ಮನೆಗೆ ಮೊದಲು?"

ಮೊದಲು ಹೋದದ್ದು ಒಬ್ಬ ಹಳೆಯ ವಿದ್ಯಾರ್ಥಿನಿಯ ಬಳಿಗೆ. ಶಾಲೆಯಲ್ಲಿ ಅವಳಿಗೆ 'ಪಟಾಕಿ' ಎಂದು ಹೆಸರು. ಎಲ್ಲರೊಡನೆ ವಾದ, ಎಲ್ಲದಕ್ಕೂ ವಾದ. ವಕೀಲಳಾಗುತ್ತೇನೆ ಎಂದವಳನ್ನು ಮೇಷ್ಟ್ರು ಕೂರಿಸಿ ಸಮಾಧಾನ ಹೇಳಿದ್ದರು: ಇಷ್ಟು ಬಿಸಿ ಒಳ್ಳೆಯದಲ್ಲಮ್ಮ, ಲೈಬ್ರರಿ ಓದು, ತಣ್ಣಗಿನ ಕೆಲಸ. ಅವಳು ಅದನ್ನೇ ಓದಿದ್ದಳು.

ಈಗ ಅವಳು ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿದ್ದಳು. ಮೆಷಿನ್ನಿನ ಹಸಿರು ಬೆಳಕು ಮುಖದ ಮೇಲೆ ಹಾದು ಹೋಗಿ ಬರುತ್ತಿತ್ತು. ಕೌಂಟರಿನ ಮುಂದೆ ಕರಿ ಕೋಟಿನ ವಕೀಲನೊಬ್ಬ ಹಾಳೆಗಾಗಿ ಕಾಯುತ್ತಿದ್ದ.

"ಎರಡನೇ ಪ್ಯಾರಾದಲ್ಲಿ ನಿಮ್ಮ ಕಕ್ಷಿದಾರರನ್ನೇ ಕಳ್ಳ ಅಂತ ಬರೆದಿದ್ದೀರ. ತಿದ್ಕೊಂಡು ಬನ್ನಿ," ಎಂದು ಅವನನ್ನು ಸಾಗಹಾಕಿ ಅವಳು ಮೇಷ್ಟ್ರ ಕಡೆ ತಿರುಗಿದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಮೇಲೆ ಮುಖ ಬಿಗಿಯಾಯಿತು.

"ಲೈಬ್ರರಿ ಏನಾಯ್ತಮ್ಮ?"

"ತಣ್ಣಗಾಯ್ತು ಸಾರ್. ನೀವು ಹೇಳಿದ ಹಾಗೇ. ಪುಸ್ತಕ ಎಲ್ಲ ಮೂಟೆ ಕಟ್ಟಿ ಕಟ್ಟಡ ಒಡೆದು ಹಾಕಿದ್ರು. ನನ್ನನ್ನ ಮೂಟೆ ಕಟ್ಟಲಿಲ್ಲ, ಅದೊಂದು ಪುಣ್ಯ."

ಮೇಷ್ಟ್ರು ಬಂದ ಕೆಲಸವನ್ನು ತಡವರಿಸುತ್ತಾ ಹೇಳಿದರು. ಅವಳ ಕಣ್ಣು ಹೊಳೆಯಿತು.

"ಬರ್ತೀನಿ ಸಾರ್. ಖಂಡಿತ ಬರ್ತೀನಿ. ಎಷ್ಟು ಹೊತ್ತು ಮಾತಾಡಬಹುದು?"

"ಎರಡು ನಿಮಿಷ ಸಾಕಮ್ಮ..."

"ನನಗೆ ಎರಡು ಗಂಟೆ ಬೇಕು. ಮೈಕ್ ಇರುತ್ತಲ್ವಾ?"

ಸ್ಕೂಟರು ಅಲ್ಲಿಂದ ಹೊರಟ ವೇಗ ನೋಡಿದ್ದರೆ, ಇಬ್ಬರೂ ಅಂಗಡಿಯಲ್ಲಿ ಏನೋ ಕದ್ದರೆಂದು ಯಾರಾದರೂ ಹೇಳುತ್ತಿದ್ದರು.

ಎರಡನೆಯವನು ಚಿತ್ರ ಬರೆಯುತ್ತಿದ್ದ ಹುಡುಗ. ಬೆಂಚು, ಗೋಡೆ, ಮುಂದೆ ಕೂತವನ ಬೆನ್ನು, ಏನು ಸಿಕ್ಕರೂ ಬಿಡುತ್ತಿರಲಿಲ್ಲ. ಬ್ರಷ್ಷು ಹಿಡಿದರೆ ಹೊಟ್ಟೆ ತುಂಬಲ್ಲಪ್ಪ ಎಂದು ಮೇಷ್ಟ್ರು ಅವನನ್ನು ವಿಮಾನ ನಿಲ್ದಾಣದ ಕೆಲಸದ ತರಬೇತಿಗೆ ಕಳಿಸಿದ್ದರು. ಇಳಿದ ವಿಮಾನಕ್ಕೆ ಎರಡು ಕೆಂಪು ಕೋಲು ಬೀಸಿ ಜಾಗ ತೋರಿಸುವ ವಿದ್ಯೆ. ಮಗ ಈಗ ದೊಡ್ಡ ಸಂಸ್ಥೆಯಲ್ಲಿದ್ದಾನೆ ಎಂದು ಅವನ ತಾಯಿ ಫೋನಿನಲ್ಲಿ ಹೇಳಿದರು. ವಿಳಾಸವನ್ನೂ ಕೊಟ್ಟರು.

ಸಂಸ್ಥೆ ದೊಡ್ಡದೇ. ಆರು ಅಂತಸ್ತಿನ ಅಂಗಡಿ ಕಟ್ಟಡ. ಅದರ ನೆಲಮಾಳಿಗೆಯಲ್ಲಿ, ಹೊಗೆ ಮತ್ತು ಹಾರ್ನುಗಳ ನಡುವೆ ಅವನು ನಿಂತಿದ್ದ. ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ, ತಲೆಗೆ ಟೋಪಿ, ಎರಡೂ ಕೈಯಲ್ಲಿ ಕೆಂಪು ಕೋಲು. ಒಂದು ಹಳೆಯ ಕಾರು ಕೆಮ್ಮುತ್ತಾ ಒಳಗೆ ಬಂತು. ಹುಡುಗ ಬೆನ್ನು ನೆಟ್ಟಗೆ ಮಾಡಿ, ಎರಡೂ ತೋಳೆತ್ತಿ, ಮುನ್ನೂರು ಜನರನ್ನು ಹೊತ್ತು ಬಂದ ವಿಮಾನಕ್ಕೆ ತೋರಿಸುವಷ್ಟು ಮರ್ಯಾದೆಯಿಂದ ಅದನ್ನು ಕಂಬದ ಪಕ್ಕಕ್ಕೆ ಕರೆದುಕೊಂಡ. ಕೊನೆಗೆ ಕೋಲುಗಳನ್ನು ತಲೆಯ ಮೇಲೆ ಕತ್ತರಿಯಂತೆ ಹಿಡಿದು ನಿಲ್ಲಿಸಿದ.

"ವಿಮಾನದ ಕಂಪನಿ ಮುಚ್ಚಿ ಹೋಯ್ತು ಸಾರ್," ಎಂದ ನಗುತ್ತಾ. "ಆದ್ರೂ ಕಲಿತದ್ದು ವ್ಯರ್ಥ ಆಗಲಿಲ್ಲ ನೋಡಿ. ನೀವು ಚೆನ್ನಾಗಿದ್ದೀರಾ? ಸ್ವಲ್ಪ ಇಳಿದುಹೋಗಿದ್ದೀರ."

ಪಟಾಕಿಯ ಮಾತಿಗಿಂತ ಈ ನಗು ಹೆಚ್ಚು ಚುಚ್ಚಿತು. ಮೇಷ್ಟ್ರು ಹಿಂದಿರುಗಲು ಹೊರಟರು. ಡ್ರಿಲ್ ಮೇಷ್ಟ್ರು ಬಿಡಬೇಕಲ್ಲ.

"ಸಾರ್, ಅಂಗಿ ನೋಡಿ, ಪಟ್ಟಿ ನೋಡಿ, ಟೋಪಿ ನೋಡಿ. ಹೀಗೇ ಕರ್ಕೊಂಡು ಹೋಗೋಣ. ವಿಮಾನದ ವಿಷಯ ಓದಿದಾನೆ ಅನ್ನಿ. ಅದು ಸುಳ್ಳಲ್ಲ. ಮಿಕ್ಕಿದ್ದನ್ನ ನೋಡೋರು ತಾವೇ ತಿಳ್ಕೊಳ್ತಾರೆ."

"ಇದು ಮೋಸ ಕಣ್ರೀ."

"ರೂಮು ಹೋದ್ರೆ ನೀವೂ ಹೋಗ್ತೀರ. ಆಗ ಈ ಹುಡುಗನ ಪಕ್ಕದಲ್ಲಿ ಇನ್ನೊಂದು ಜೊತೆ ಕೋಲು ಹಿಡೀಬೇಕಾಗುತ್ತೆ."

ಮೇಷ್ಟ್ರು ಒಂದು ಗಳಿಗೆ ಆ ಕೋಲುಗಳನ್ನೇ ನೋಡಿದರು. ಆಮೇಲೆ, "ಒಂದು ಗಂಟೆ ರಜ ಸಿಗುತ್ತೇನಪ್ಪ?" ಎಂದು ಕೇಳಿದರು.

ಸಭೆಗೆ ಮುಂಚೆ ಕೋಟು ಹಾಕಿಕೊಳ್ಳಲು ಮನೆಗೆ ಹೋದಾಗ ಹೆಂಡತಿ ಇಸ್ತ್ರಿ ಮಾಡುತ್ತಿದ್ದರು. ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು.

"ಅಲ್ವೇ, ನಮ್ಮ ಮಗಳೇ ಇದಾಳಲ್ಲ! ಆಸ್ಪತ್ರೆಯಲ್ಲಿ ಅಷ್ಟು ಒಳ್ಳೆ ಕೆಲಸ. ಅವಳನ್ನೇ ವೇದಿಕೆಗೆ ಕರೆದ್ರೆ? ನಾನೇ ಅಲ್ವಾ ದಾರಿ ತೋರಿಸಿದ್ದು?"

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದರು. "ನೀವು ಅವಳಿಗೆ ಬ್ಯಾಂಕಿನ ಪರೀಕ್ಷೆ ಕಟ್ಟು ಅಂದಿದ್ರಿ ಕಣ್ರೀ."

"ಮತ್ತೆ ಈ ನರ್ಸಿಂಗು?"

"ನಾನೇ ಹೇಳಿದೆ. ಅಪ್ಪ ಏನಂತಾರೋ ಪೂರ್ತಿ ಕೇಳಿಸ್ಕೋ, ಎದುರು ಮಾತಾಡಬೇಡ, ಆಮೇಲೆ ನಿನಗೆ ಬೇಕಾದ್ದು ಮಾಡು ಅಂತ." ಆಕೆ ಮತ್ತೆ ಇಸ್ತ್ರಿ ಒತ್ತಿದರು. "ಮನೇಲಿ ಎಲ್ಲರಿಗೂ ಗೊತ್ತಿತ್ತು. ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಮೇಷ್ಟ್ರು ಕೋಟಿನ ಎಡತೋಳಿಗೆ ಬಲಗೈ ತೂರಿಸಿ, ಬಹಳ ಹೊತ್ತು ದಾರಿ ಹುಡುಕಿದರು.

ಸಭಾಂಗಣದಲ್ಲಿ ಪೋಷಕರು ತುಂಬಿದ್ದರು. ಮಕ್ಕಳಿಗೆ ತರಗತಿ ನಡೆಯುತ್ತಿದ್ದರಿಂದ ಅವರನ್ನು ಒಳಗೆ ಬಿಟ್ಟಿರಲಿಲ್ಲ. ಮುಂದಿನ ಸಾಲಿನಲ್ಲಿ ಮ್ಯಾನೇಜ್‌ಮೆಂಟಿನವರು, ಅವರ ನಡುವೆ ಬೂದು ಕೋಟಿನ ಯುವಕನೊಬ್ಬ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ವೇದಿಕೆಯ ಮೇಲೆ ಬಿಳಿ ಅಂಗಿಯ ಹುಡುಗ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋಕ್ಕೆ ಕೂತವನ ಹಾಗೆ ಕೂತಿದ್ದ. ಕೆಮಿಸ್ಟ್ರಿ ಮೇಡಂ ಅವನ ಭುಜದ ಪಟ್ಟಿಗಳನ್ನು ನೋಡಿ ಹುಬ್ಬೇರಿಸಿದರು. ಮೇಷ್ಟ್ರ ಎದೆ ಅರ್ಧ ಇಂಚು ಉಬ್ಬಿತು.

"ಈತ ನನ್ನ ಮಾತು ಕೇಳಿ ವಿಮಾನಯಾನದ ತರಬೇತಿ ಪಡೆದ," ಎಂದರು ಮೈಕಿನಲ್ಲಿ. ಅಷ್ಟಕ್ಕೇ ನಿಲ್ಲಿಸಿದರು. ಚಪ್ಪಾಳೆ ಬಿತ್ತು.

ಒಬ್ಬ ತಂದೆ ಎದ್ದು ನಿಂತ. "ನೀವು ಎಂಥ ವಿಮಾನ ಓಡಿಸ್ತೀರಿ?"

"ನಾನು ಓಡಿಸಲ್ಲ ಸಾರ್," ಎಂದ ಹುಡುಗ ವಿನಯದಿಂದ. "ನಿಲ್ಲಿಸ್ತೀನಿ."

"ಓಹೋ. ಯಾವ ವಿಮಾನ ನಿಲ್ಲಿಸ್ತೀರಿ?"

ಹುಡುಗ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಮೈಕಿನ ವೈರನ್ನು ನೋಡಿದರು. "ಸದ್ಯಕ್ಕೆ... ಕಾರು, ಸಾರ್."

ಹಿಂದಿನ ಸಾಲಿನಿಂದ ಒಬ್ಬಾಕೆ ಕೂಗಿದರು: "ಅಯ್ಯೋ, ಇವನು ನೆಲಮಾಳಿಗೆಯ ಹುಡುಗ ಅಲ್ವಾ! ಪಾರ್ಕಿಂಗ್ ಚೀಟಿ ಕಳ್ಕೊಂಡೆ ಅಂತ ಮೊನ್ನೆ ನನಗೆ ದಂಡ ಹಾಕಿದೋನು!"

ಮೊದಲು ಒಬ್ಬರು ನಕ್ಕರು, ಆಮೇಲೆ ಸಾಲು ಸಾಲೇ ನಕ್ಕಿತು. ನಗದೆ ಉಳಿದವರು ಇಬ್ಬರು. ಮೇಷ್ಟ್ರು, ಮತ್ತು ಆ ಹುಡುಗ. ಅವನು ಟೋಪಿಯನ್ನು ತಿರುಗಿಸಿ ತಿರುಗಿಸಿ, "ನನ್ನಿಂದ ನಿಮಗೆ ತೊಂದರೆ ಆಯ್ತು ಸಾರ್," ಎಂದು ಪಿಸುಗುಟ್ಟಿದ.

ದೊಡ್ಡ ಮೇಡಂ ಎದ್ದರು. ಮೇಷ್ಟ್ರ ಕೋಣೆಯ ಬೀಗ ಅವರ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಬೂದು ಕೋಟಿನ ಯುವಕ ಕೈಯೆತ್ತಿದ.

"ಒಂದು ನಿಮಿಷ ಮೇಡಂ. ನಾನೂ ಸಾರ್ ಶಿಷ್ಯನೇ."

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. ಗುರುತು ಹತ್ತಲಿಲ್ಲ.

"ಆಗ ನಾನು ತೊದಲ್ತಾ ಇದ್ದೆ. ನಿನಗೆ ಮಾತು ಬರಲ್ಲ, ಜನರ ಮುಂದೆ ನಿಲ್ಲೋ ಕೆಲಸಕ್ಕೆ ಹೋಗಬೇಡ, ಯಾವುದಾದ್ರೂ ಗೋಡೌನಿನಲ್ಲಿ ಲೆಕ್ಕ ಬರೆದ್ಕೊಂಡಿರು ಅಂದಿದ್ರು ಸಾರ್." ಅವನು ಸಭೆಯ ಕಡೆ ತಿರುಗಿದ. ಮಾತು ನೀರಿನಂತೆ ಹರಿಯುತ್ತಿತ್ತು. "ಇವತ್ತು ನಾನು ಏನಾಗಿದ್ದೀನೋ, ಅದು ಸಾರ್ ಆಡಿದ ಆ ಮಾತಿಂದ. ನಮ್ಮ ಕಂಪನಿ ಊರೂರಿನ ಶಾಲೆಗಳಲ್ಲಿ ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ಸಲಹೆ ಕೊಡುತ್ತೆ. ಈ ಶಾಲೆಯ ಕೆಲಸವನ್ನೂ ನಮಗೇ ವಹಿಸಿದ್ದಾರೆ."

ಮೇಷ್ಟ್ರ ಕಣ್ಣು ತುಂಬಿತು. ಕೆಮಿಸ್ಟ್ರಿ ಮೇಡಂ ಕೂಡ ಮೂಗೊರೆಸಿಕೊಂಡರು.

"ಸಾರ್ ಹೇಳಿದ್ದಕ್ಕೆ ಉಲ್ಟಾ ಮಾಡಿದೆ, ಉದ್ಧಾರ ಆದೆ," ಎಂದು ಅವನು ಮುಗಿಸಿದ. "ನನ್ನೊಬ್ಬನ ಕತೆ ಅಲ್ಲ ಇದು. ಹೋದ ತಿಂಗಳು ನಮ್ಮೋರು ಸಾರ್ ಹತ್ರ ಸಲಹೆ ತಗೊಂಡ ಎಲ್ಲರನ್ನೂ ಹುಡುಕಿ ಮಾತಾಡ್ಸಿದ್ರು. ಸಾರ್ ಮಾತು ಕೇಳಿದೋರು ಒಬ್ಬರೂ ಮೇಲೆ ಬಂದಿಲ್ಲ. ಉಲ್ಟಾ ಮಾಡಿದೋರು ಎಲ್ಲರೂ ಚೆನ್ನಾಗಿದ್ದಾರೆ. ನೋಡಿ, ಒಂದು ಸಲ ಸರಿ ಒಂದು ಸಲ ತಪ್ಪು ಹೇಳೋರು ಎಲ್ಲ ಕಡೆ ಸಿಗ್ತಾರೆ. ಅವರಿಂದ ಏನೂ ಉಪಯೋಗ ಇಲ್ಲ, ಯಾವಾಗ ಸರಿ ಅಂತ ಹೇಗೆ ತಿಳಿಯೋದು? ಒಂದೇ ಒಂದು ಸಲಾನೂ ಬಿಡದೆ ತಪ್ಪು ಹೇಳೋರು ಎಲ್ಲಿ ಸಿಗ್ತಾರೆ? ಇಂಥ ನಂಬಿಕೆಯ ಮನುಷ್ಯರನ್ನ ಕಳ್ಕೋಬೇಡಿ!"

ಈ ಸಲದ ಚಪ್ಪಾಳೆಯಲ್ಲಿ ತಮಾಷೆ ಇರಲಿಲ್ಲ, ಭರವಸೆ ಇತ್ತು. ಅದೇ ಹೆಚ್ಚು ಭಯಂಕರವಾಗಿತ್ತು. ಪೋಷಕರು ಪರಸ್ಪರ ತಲೆಯಾಡಿಸಿದರು. ದೊಡ್ಡ ಮೇಡಂ ಅಲ್ಲೇ ಘೋಷಿಸಿದರು: ಕೋಣೆ ಇರುತ್ತದೆ, ಮೇಷ್ಟ್ರೂ ಇರುತ್ತಾರೆ. ಅವರು ಎಂದಿನ ಹಾಗೆ ಮನಸ್ಸಿಗೆ ತೋಚಿದ್ದನ್ನು ಮಕ್ಕಳಿಗೆ ಹೇಳಬೇಕು. ಹೊರಗೆ ಕಾರಿಡಾರಿನಲ್ಲಿ ಕಂಪನಿಯ ಹುಡುಗಿಯೊಬ್ಬಳು ಮೇಜು ಹಾಕಿಕೊಂಡು ಕೂರುತ್ತಾಳೆ. ಸಾರ್ ಹೋಗು ಎಂದಿದ್ದರೆ ಬೇಡ ಎನ್ನುತ್ತಾಳೆ, ಬೇಡ ಎಂದಿದ್ದರೆ ಹೋಗು ಎನ್ನುತ್ತಾಳೆ. ಮಕ್ಕಳಿಗೆ ಮಾತ್ರ ಈ ಗುಟ್ಟು ತಿಳಿಯಬಾರದು.

"ಸಂಬಳ ಅದೇ," ಎಂದರು ದೊಡ್ಡ ಮೇಡಂ, ಮೆಟ್ಟಿಲಿಳಿಯುವಾಗ. "ನೀವು ಯಾವುದಕ್ಕೂ ತಲೆ ಕೆಡಿಸ್ಕೋಬೇಡಿ ಸಾರ್. ಈಗ ಹೇಗಿದ್ದೀರೋ ಹಾಗೇ ಇರಿ. ಸುಧಾರಿಸೋಕೆ ಮಾತ್ರ ಹೋಗಬೇಡಿ."

ಮೇಷ್ಟ್ರು ತಮ್ಮ ಕೋಣೆಗೆ ಬಂದಾಗ ಕಾರಿಡಾರಿನಲ್ಲಿ ಆಗಲೇ ಹೊಸ ಮೇಜು ಬಂದಿತ್ತು. ಅದರ ಹಿಂದೆ ಒಬ್ಬ ಹುಡುಗಿ ಕೂತು ಡ್ರಾಯರು ಎಳೆದು ನೋಡುತ್ತಿದ್ದಳು. ಮೇಷ್ಟ್ರನ್ನು ಕಂಡು ಎದ್ದು ನಿಂತಳು. ಅವರು ಒಳಗೆ ಹೋಗಿ, ಕೋಟು ಬಿಚ್ಚದೆ ಕೂತರು.

ಬಾಗಿಲು ತಟ್ಟಿದ ಸದ್ದಾಯಿತು. ಕೊನೇ ತರಗತಿಯ ಹುಡುಗಿ. ಮೇಷ್ಟ್ರಿಗೆ ಅವಳು ಚೆನ್ನಾಗಿ ಗೊತ್ತು. ಭೂಗೋಳ ನಿಂತುಹೋದ ಮೇಲೂ ಅವರ ಹಳೆಯ ಭೂಪಟಗಳನ್ನು ಕೇಳಿ ಒಯ್ಯುತ್ತಿದ್ದವಳು ಇವಳೊಬ್ಬಳೇ. ಜೇಬಿನಲ್ಲಿ ಯಾವಾಗಲೂ ನಾಲ್ಕು ಕಲ್ಲು. ಶಾಲೆಯ ಕಾಂಪೌಂಡು ಗೋಡೆ ಯಾಕೆ ವಾಲುತ್ತಿದೆ ಎಂದು ಎಲ್ಲರೂ ಮೇಸ್ತ್ರಿಯನ್ನು ಬಯ್ಯುತ್ತಿದ್ದಾಗ, ಕೆಳಗಿರುವುದು ತುಂಬಿಸಿದ ಹೊಂಡದ ಮಣ್ಣು ಎಂದು ಅಗೆದು ತೋರಿಸಿದ್ದಳು.

"ಸಾರ್, ಭೂವಿಜ್ಞಾನದ ಕಾಲೇಜಿಗೆ ಅರ್ಜಿ ತುಂಬಿದ್ದೀನಿ. ಇವತ್ತು ಐದು ಗಂಟೆಗೆ ಕೊನೆ. ಮನೇಲಿ ಯಾರಿಗೂ ಇಷ್ಟ ಇಲ್ಲ. ಊರಿಂದ ದೂರ, ಬೆಟ್ಟ ಗುಡ್ಡ ಅಲೆಯೋ ಓದು ಅಂತಾರೆ. ಅಪ್ಪ ಇವತ್ತಿನ ಸಭೆಗೂ ಬರಲಿಲ್ಲ, ಡ್ಯೂಟಿ." ಅವಳು ಕುರ್ಚಿಯ ತುದಿಯಲ್ಲಿ ಕೂತಳು. "ನನ್ನಿಂದ ಆಗುತ್ತಾ ಸಾರ್?"

ಆಗುತ್ತೆ, ಎಂದು ಮೇಷ್ಟ್ರ ಎದೆ ಹೇಳಿತು. ಉಳಿದ ಓದುಗಳ ಬಗ್ಗೆ ಅವರಿಗೆ ಗೊತ್ತಿದ್ದುದು ಮಾಹಿತಿ ಪುಸ್ತಕದಲ್ಲಿ ಇದ್ದಷ್ಟೇ. ಈ ಓದು ಹಾಗಲ್ಲ. ಇದು ಅವರದೇ ಆಗಬೇಕಿದ್ದ ಓದು. ಇವಳ ವಿಷಯದಲ್ಲಿ ತಪ್ಪುವುದು ಸಾಧ್ಯವೇ ಇರಲಿಲ್ಲ. ಹೋಗಮ್ಮ ಎಂದು ಬಾಯಿ ತೆರೆಯುವುದರಲ್ಲಿದ್ದರು.

ಆಗ ಹೊರಗಿನ ಮೇಜು ನೆನಪಾಯಿತು. ತಾವು ಹೋಗು ಎಂದರೆ ಅಲ್ಲಿ ಬೇಡ ಎನ್ನುತ್ತಾರೆ. ಈ ಹುಡುಗಿ ಅಲ್ಲಿಗೇ ಮುಗಿದಳು. ಗುಟ್ಟು ಬಿಟ್ಟುಕೊಟ್ಟರೆ ಕೆಲಸ ಹೋಗುತ್ತದೆ. ಉಳಿದದ್ದು ಒಂದೇ ದಾರಿ. ತಮ್ಮ ಅಪಕೀರ್ತಿಯನ್ನು ಒಂದು ಸಲವಾದರೂ ಒಳ್ಳೆಯದಕ್ಕೆ ಬಳಸಬೇಕು.

"ಬೇಡಮ್ಮ," ಎಂದರು. ಮೆತ್ತಗೆ ಬೇಡ ಎಂದರೆ ಹೊರಗಿನ ಮೇಜಿನವಳು ಅಷ್ಟೇ ಮೆತ್ತಗೆ ಹೋಗು ಎಂದಾಳು ಎಂದು ಹೆದರಿ, ದನಿ ಗಟ್ಟಿ ಮಾಡಿದರು. "ನಿನ್ನಿಂದ ಆಗಲ್ಲ. ಕಲ್ಲು ಆರಿಸೋದು ಆಟ, ಓದಲ್ಲ. ಅಷ್ಟು ಬುದ್ಧಿ ನಿನಗಿಲ್ಲ. ಮನೆಯೋರು ಹೇಳೋದೇ ಸರಿ."

ಹುಡುಗಿಯ ಮುಖದ ಬಣ್ಣ ಇಳಿಯಿತು. ಅಳುತ್ತಾಳೆ ಎಂದುಕೊಂಡರು. ಅವಳು ಅಳಲಿಲ್ಲ. ಮೆಲ್ಲಗೆ ಎದ್ದಳು.

"ಸರಿ ಸಾರ್."

"ಹೊರಗೆ ಮೇಜಿನ ಹತ್ರ ಒಬ್ಬರು ಕೂತಿದ್ದಾರೆ. ಅವರನ್ನೂ ಒಂದು ಮಾತು ಕೇಳ್ಕೊಂಡು ಹೋಗಮ್ಮ."

"ಇನ್ಯಾರನ್ನ ಕೇಳಲಿ ಸಾರ್," ಎಂದಳು ಅವಳು. "ನನ್ನ ಬಗ್ಗೆ ಗೊತ್ತಿರೋರು ನೀವೊಬ್ಬರೇ."

ಅವಳು ಹೋದ ಮೇಲೆ ಮೇಷ್ಟ್ರು ಕಿವಿಗೊಟ್ಟು ಕೂತರು. ಕೇಳದಿದ್ದರೇನು, ಮೇಜಿನವಳೇ ಕರೆದು ಕೂರಿಸಬೇಕಲ್ಲ. ಅದೇ ಅವಳ ಕೆಲಸ. ಕಾರಿಡಾರಿನಲ್ಲಿ ಹೆಜ್ಜೆಗಳು ನಡೆದವು. ನಿಲ್ಲಲಿಲ್ಲ. ಮೇಷ್ಟ್ರು ಎದ್ದು ಬಾಗಿಲು ತೆರೆದರು. ಮೇಜಿನ ಹುಡುಗಿ ಬ್ಯಾಗು ಹೆಗಲಿಗೇರಿಸುತ್ತಿದ್ದಳು.

"ಕರೀಲಿಲ್ವಾ ನೀವು? ಈಗ ಹೋದಳಲ್ಲ, ಅವಳನ್ನ?"

"ಸೋಮವಾರದಿಂದ ಅಲ್ವಾ ಸಾರ್ ನಮ್ಮ ಕೆಲಸ?" ಎಂದಳು ಅವಳು. "ಇವತ್ತು ಮೇಜು ಸರಿಯಾಗಿದೆಯಾ ಅಂತ ನೋಡೋಕೆ ಬಂದಿದ್ದೆ ಅಷ್ಟೆ."

ಮೇಷ್ಟ್ರು ಓಡಿದರು. ಗೇಟಿನವರೆಗೆ, ಅಲ್ಲಿಂದ ಬಸ್ ಸ್ಟಾಪಿನವರೆಗೆ. ಕೋಟಿನ ಜೇಬು ಗೇಟಿನ ಚಿಲಕಕ್ಕೆ ಸಿಕ್ಕಿ ಹರಿಯಿತು. ಬಸ್ಸು ತಿರುವಿನಲ್ಲಿ ಹೊಗೆ ಬಿಟ್ಟು ಮರೆಯಾಯಿತು. ಏದುಸಿರು ಬಿಡುತ್ತಾ ಶಾಲೆಗೆ ಹಿಂದಿರುಗಿ, ಆಫೀಸಿನಿಂದ ಹುಡುಗಿಯ ತಂದೆಯ ನಂಬರು ಹುಡುಕಿಸಿ ಫೋನು ಹಚ್ಚಿದರು. ಲೈನು ಸಿಗಲಿಲ್ಲ. ಮತ್ತೆ ಹಚ್ಚಿದರು. ಆ ಕಡೆ ತಂದೆ ಯಾರೊಡನೆಯೋ ಮಾತಾಡುತ್ತಿದ್ದರು. ಕೊನೆಗೆ ಸಿಕ್ಕಾಗ ಗೋಡೆಯ ಗಡಿಯಾರ ಐದು ದಾಟಿತ್ತು.

"ಸಾರ್, ನೀವೇನಾ?" ಆ ಕಡೆಯ ದನಿ ಉಕ್ಕಿ ಬಂತು. "ಈಗಷ್ಟೇ ಮಗಳು ಫೋನ್ ಮಾಡಿದ್ಲು. ಅರ್ಜಿ ಹಾಕಲ್ಲ ಅಂದ್ಲು. ನಿಮ್ಮ ಉಪಕಾರ ಹೇಗೆ ತೀರಿಸಲಿ ಸಾರ್! ನಾನೂ ಅವರಮ್ಮನೂ ಒಂದು ವರ್ಷದಿಂದ ಬಾಯಿ ಬಡ್ಕೊಂಡ್ವಿ, ಕಿವಿಗೇ ಹಾಕ್ಕೊಂಡಿರಲಿಲ್ಲ. ನಿಮ್ಮ ಒಂದೇ ಮಾತಿಗೆ ಒಪ್ಪಿಬಿಟ್ಲು. ನಮ್ಮ ಭಾವನ ಕೊರಿಯರ್ ಆಫೀಸಿನಲ್ಲಿ ಜಾಗ ಇದೆ, ಪರೀಕ್ಷೆ ಮುಗಿದ ಮಾರನೇ ದಿನದಿಂದಲೇ ಬಾ ಅಂದಿದ್ದಾರೆ."

"ಇಲ್ಲ, ನಾನು ಹೇಳಿದ್ದು ಹಾಗಲ್ಲ," ಎಂದರು ಮೇಷ್ಟ್ರು. "ಉಲ್ಟಾ ತಿಳ್ಕೋಬೇಕಿತ್ತು. ಅವಳು ನಿಜವಾಗ್ಲೂ..."

"ನಿಮ್ಮ ದೊಡ್ಡತನ ಸಾರ್," ತಂದೆ ನಕ್ಕರು. "ಮಾಡಿದ್ದನ್ನೂ ಮಾಡಿಲ್ಲ ಅಂತೀರ. ಇನ್ನೊಂದು ಮಾತು. ನಮ್ಮ ಚಿಕ್ಕವನಿಗೆ ನಿಮ್ಮನ್ನ ಕಂಡ್ರೆ ಬಹಳ ಮರ್ಯಾದೆ. ಅವನನ್ನ ಶಾಲೆಗೆ ಬೇಡ, ನಿಮ್ಮ ಮನೆಗೇ ಕಳಿಸ್ತೀನಿ. ಎದುರಿಗೆ ಕೂರಿಸ್ಕೊಂಡು ನೀವೇ ಹೇಳಿಬಿಡಿ ಸಾರ್, ಮುಂದೆ ಏನು ಮಾಡಬೇಕು ಅಂತ. ಬೇರೆ ಯಾರ ಮಾತೂ ಅವನು ಕೇಳಲ್ಲ."